ಮೂರನೇದು

ತಿಲಕವಾಡಿಯ ಎರಡನೇ ಗೇಟಿನ ಹತ್ತಿರ
ಕಣಬರಗಿಯವರ ಹಿಟ್ಟಿನ ಗಿರಣಿ ಇತ್ತಲ್ಲ,
ಈಗ ಅದೇ ಬಾರು. ಹೆಸರೂ ಗಿರಣಿನೇ.
ಗೋಡೆಗೆ ಬಣ್ಣ ಹಚ್ಚಿಲ್ಲ, ಬೇಕಂತಲೇ ಬಿಟ್ಟಾರ.
ತೂಕದ ಕಲ್ಲು, ಪಟ್ಟಾ ಕಿತ್ತ ಗಾಲಿ,
ಹಿಟ್ಟು ಕುಂತು ಕುಂತು ಬೆಳ್ಳಗಾದ ಜಂತಿ,
ಎಲ್ಲಾದಕ್ಕೂ ಒಂದೊಂದು ಹಳದಿ ದೀಪ.
ನಾನು ಇಲ್ಲೇ ಪಾಳಿ ಹಚ್ಚಿ ನಿಂತಾಕಿ,
ಜೋಳದ ಡಬ್ಬಿ ಬಗಲಾಗ, ಹುಬ್ಬಿನ ಮ್ಯಾಲ ಹಿಟ್ಟು.
ಇವತ್ತು ಅದೇ ಜಾಗಾದಾಗ ಎತ್ತರದ ಸ್ಟೂಲು,
ಕಾಲು ನೆಲಕ್ಕ ಹತ್ತವಲ್ಲವು.

ವತ್ಸಲಾ ಚಶ್ಮಾ ಹಣಿಗೇರಿಸಿ ಮೆನು ಓದತಾಳ:
"ರೊಟ್ಟಿ ಚೂರು, ಮ್ಯಾಲ ಬದನಿಕಾಯಿ, ಮೂರು.
ಆಲೂ ಗೋಲಿ, ಸುಟ್ಟ ಮೆಣಸಿನಕಾಯಿ, ಮೂರು.
ಎಲ್ಲಾ ಮೂರ್ಮೂರು ಯಾಕವಾ?"
ಸಣ್ಣ ಪ್ಲೇಟು ಅಂದ್ರ ಹಂಗಽ, ಅಂದೆ,
ಭಾಳ ತಿಳದಾಕಿ ಹಂಗ.

ಗ್ಲಾಸು ತುಂಬಾಂವ ಸದಲಗಾದ ಜೈನರ ಹುಡುಗ, ಶ್ರೇಯಾಂಸ.
ಕುಡಿಯೂದು ದೂರ ಉಳೀತು,
ಹೊತ್ತು ಮುಳುಗಿದ ಮ್ಯಾಲ ಒಂದು ಕಾಳು ಬಾಯಿಗೆ ಹಾಕೂದಿಲ್ಲ.
ಮೂಗಿಲೆ ಅಳೀತಾನ.
ಇಂಡಿ ನಿಂಬಿ, ಬೆಲ್ಲದ ಪಾಕ, ಜಿನ್ನು,
ಗ್ಲಾಸಿನ ಅಂಚಿಗೆ ಗುರೆಳ್ಳ ಪುಡಿ.
"ಹೆಂಗೈತ್ರಿ ಅಕ್ಕಾರ?"
ತನ್ನ ಕೈಯ ರುಚಿ ನಮ್ಮ ಮಾರಿ ಮ್ಯಾಲ ಹುಡುಕತಾನ.
ನಾನು ಕೆಮ್ಮಿದೆ.
ಒಂದು ಹನಿ ಬೆಲ್ಲ ಹೆಚ್ಚು ಮಾಡಿದ.

ಪ್ಲೇಟು ಬಂತು. ಅಗಲ ಕರೀ ಕಲ್ಲು, ನಟ್ಟನಡುವ
ಮೂರು ಚೂರು, ಕುಂಕುಮದ ಬೊಟ್ಟಿನಷ್ಟು ಶೇಂಗಾ ಚಟ್ನಿ.
ನಮ್ಮವ್ವ ನೋಡಿದ್ರ ಕೇಳತಿದ್ಲು,
ಇದು ಊಟಾನೋ, ನೈವೇದ್ಯಾನೋ?
ಆಕಿ ಒಂದು ತಿಂದ್ಲು. ನಾನು ಒಂದು ತಿಂದೆ.
"ತಗೋ." "ನೀ ತಗೋ." "ನನಗ ಸಾಕು."
ಹೆಂಗ ಸಾಕಾಗತೈತಿ, ಈಗರ ಸುರು.

ಭಿಶಿಯ ವಹಿ ಇಂದುಮತಿ ಕಡೆ ಇರತಿತ್ತು.
ಹದಿಮೂರು ಹೆಂಗಸರು, ತಿಂಗಳಿಗೆ ಎರಡೆರಡು ಸಾವಿರ.
ಚೀಟಿ ಎತ್ತೂದು ವತ್ಸಲಾ, ಚಹಾ ನಂದು.
ಒಂದು ಶ್ರಾವಣಕ್ಕ ಇಪ್ಪತ್ತಾರು ಸಾವಿರ ಹೊಂದಲಿಲ್ಲ.
ಕೊಟ್ಟೇನಿ ಅಂದ್ಲು ಆಕಿ. ಮುಟ್ಟಿಲ್ಲ ಅಂದ್ಲು ಈಕಿ.
ಇಬ್ಬರೂ ನನ್ನ ಕಡೆ ತಿರುಗಿದ್ರು.
ನಾನು ಕಪ್ಪು ತೊಳಕೋಂತ ನಿಂತೆ,
ತೊಳೆದ ಕಪ್ಪನ್ನ ಮತ್ತ ತೊಳೆದೆ,
ಒಳಗ ಯಾರೂ ಇಲ್ಲದಂಗ ನಳ ಬಿಟ್ಟೆ.
ಶಹಾಪುರದಾಗಽ ಅದಾಳ ಇಂದು.
ರಿಕ್ಷಾಕ್ಕ ಬರೇ ನಲವತ್ತು ರೂಪಾಯಿ.

ಗೇಟು ಬಿತ್ತು.
ರೈಲು ಹಾದ್ರ ಗ್ಲಾಸಿನಾಗಿನ ನಿಂಬಿ ನಡುಗತೈತಿ,
ಕಲ್ಲು ನಡುಗತೈತಿ, ಜಂತಿ ನಡುಗತೈತಿ,
ಗಿರಣಿ ಮತ್ತ ಸುರು ಆದಂಗ.
ಜಂತಿಯಿಂದ ಒಂದೀಟು ಹಿಟ್ಟು ಉದುರಿತೋ ಏನೋ,
ನಾನು ಹುಬ್ಬು ಒರಸಿಕೊಂಡೆ.

ಆಲೂ ಗೋಲಿ ಬಂದ್ವು. ಅಣಬಿ ಬಂತು.
ಕಡಿಗೆ ಕುಂದಾ, ಅದೂ ಮೂರು ಚಮಚದಾಗ.
ಪ್ಲೇಟಿಗೆ ಒಂದೊಂದು ಉಳದಾವ ಮೇಜಿನ ತುಂಬ,
ಯಾರೋ ಕೈ ತೊಳಕೊಳ್ಳಾಕ ಎದ್ದು ಹೋದಂಗ.
"ತೆಗೀಲೇನ್ರಿ?" ಬಂದ ಹುಡುಗಿ ಕೇಳಿದ್ಲು.
ಇಬ್ಬರ ಕೈಯೂ ಒಮ್ಮೆಲೆ ಅಡ್ಡ ಹೋದ್ವು.

ಬಿಲ್ಲು ಎರಡು ಸಾವಿರದ ಮುನ್ನೂರಾ ನಲವತ್ತು.
ಮೊಬೈಲಿನಾಗ ಭಾಗಾಕಾರ ಹಾಕಿದೆ,
ಏಳುನೂರಾ ಎಂಬತ್ತು ಬಂತು.
"ಕಡಿಮಿ ಬಂತಲ್ಲ," ಅಂದ್ಲು ವತ್ಸಲಾ.
ಅಂದಾಕಿ ನನ್ನ ಬೆರಳು ನೋಡಿ ಸುಮ್ಮನಾದ್ಲು.

ಟಿಶ್ಯೂ ಬಿಚ್ಚಿ ಹಾಸಿ
ರೊಟ್ಟಿ ಚೂರು, ಆಲೂ ಗೋಲಿ ಹಗೂರಕ ಇಟ್ಟು
ನಾಲ್ಕೂ ಮೂಲಿ ಮಡಿಚಿದ್ಲು.
"ನಾಯಿಗೆ," ಅಂದ್ಲು.

ವತ್ಸಲಾನ ಮನ್ಯಾಗ ನಾಯಿ ಇಲ್ಲ.

ಚಟ್ನೀನೂ ಹಾಕ್ಕೊಳ್ಳವಾ, ಅಂದೆ.